ಜಾಬ್ ಕಾರ್ಡಿಗೂ ಹತ್ತಿದ ಯೆಜ್ಡಿ ಅಭಿಮಾನ

ಮೈಸೂರಿನಲ್ಲಿ ಹಳೆಯ ಬೈಕುಗಳ ಗ್ಯಾರೇಜಿನ ನನ್ನಂಥ ಸೂಪರ್‌ವೈಸರ್ ಯಾವ ಗಾಡಿಯ ಪಕ್ಷ ಎಂದು ಯಾರೂ ಕೇಳುವುದಿಲ್ಲ. ಊರಿನ ಹೆಸರಿನಲ್ಲೇ ಉತ್ತರವಿದೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಜಾವಾ ಹೊರಬಂತು, 1973ರ ಹೊತ್ತಿಗೆ ಅದೇ ಗಾಡಿಗೆ ಯೆಜ್ಡಿ ಎಂಬ ಹೆಸರಾಯಿತು, 1996ರಲ್ಲಿ ಕಾರ್ಖಾನೆಯೇ ಮುಚ್ಚಿತು. ಆ ಸಂಬಳದಲ್ಲಿ ಓದಿ ಬೆಳೆದ ಮಕ್ಕಳು ಇಂದಿಗೂ ಅಪ್ಪನ ಗಾಡಿಯನ್ನು ತಳ್ಳಿಕೊಂಡು ನಮ್ಮಲ್ಲಿಗೆ ಬರುತ್ತಾರೆ. ಬುಲೆಟ್ ಮದರಾಸಿನದು. ನಮ್ಮ ಗ್ಯಾರೇಜಿನಲ್ಲಿ ಅದಕ್ಕೆ ಜಾಗವೂ ಉಂಟು, ಕೆಲಸವೂ ಉಂಟು. ಟೀ ಹೊತ್ತಿನಲ್ಲಿ ಮಾತ್ರ ಮರ್ಯಾದೆ ಇಲ್ಲ.

ನಮ್ಮಲ್ಲಿ ಇಬ್ಬರು ಮೇಸ್ತ್ರಿಗಳಿದ್ದಾರೆ, ಇಬ್ಬರಿಗೂ ಬೇರೆ ಬೇರೆ ಬೇ, ಅಂದರೆ ಗಾಡಿ ನಿಲ್ಲಿಸಿ ಕೆಲಸ ಮಾಡುವ ಅಂಕಣ. ಬುಲೆಟ್ಟಿನ ಕೆಳಗೆ ಎಣ್ಣೆಯ ಹನಿ ಕಂಡ ಕೂಡಲೇ ಯೆಜ್ಡಿ ಮೇಸ್ತ್ರಿ, ‘ಅಣ್ಣಾ, ನಿಮ್ ಗಾಡಿ ಜಾಗಕ್ಕೆ ಗುರುತು ಹಾಕ್ಕೊಂಡಿದೆ ನೋಡಿ’ ಎನ್ನುತ್ತಾರೆ. ಪೆಟ್ರೋಲಿನ ಜೊತೆ ಎಣ್ಣೆಯನ್ನೂ ಸುಟ್ಟು ಹೊಗೆ ಬಿಡುವ ಯೆಜ್ಡಿಯೊಂದನ್ನು ಟ್ರಯಲಿಗೆ ಸ್ಟಾರ್ಟ್ ಮಾಡಿದರೆ ಬುಲೆಟ್ ಮೇಸ್ತ್ರಿ, ‘ಕಾರ್ಪೊರೇಷನ್‌ನೋರು ಈ ಬೀದಿಗೆ ಸೊಳ್ಳೆ ಹೊಗೆ ಹಾಕೋದು ಬೇಡ’ ಎಂದು ಮೂಗು ಮುಚ್ಚಿಕೊಳ್ಳುತ್ತಾರೆ. ಆರ್‌ಎಕ್ಸ್ 100 ಬೈಕು ತರುವ ಹುಡುಗರಿಗೆ ಇವರಿಬ್ಬರೂ ಅಜ್ಜಂದಿರು. ಈ ಮಾತುಗಳಿಂದ ಯಾರಿಗೂ ನೋವಾಗಿದ್ದಿಲ್ಲ, ನಾನೂ ಅದರಲ್ಲಿ ಸೇರುತ್ತಿದ್ದೆ. ಆದರೆ ಇಂಥ ತಮಾಷೆಯನ್ನು ವರ್ಷಗಟ್ಟಲೆ ಆಡುತ್ತಿದ್ದರೆ ಅದು ಯಾವಾಗ ತಮಾಷೆಯಾಗಿ ಉಳಿಯದೆ ನಮ್ಮ ತಾಂತ್ರಿಕ ಅಭಿಪ್ರಾಯವಾಗಿಬಿಡುತ್ತದೆ ಎಂಬುದು ಆಡುವವರಿಗೇ ಗೊತ್ತಾಗುವುದಿಲ್ಲ.

ನಮ್ಮ ಗಿರಾಕಿಗಳಲ್ಲಿ ಒಂದೇ ಕಚೇರಿಯಿಂದ ನಿವೃತ್ತರಾದ ಸ್ನೇಹಿತರಿಬ್ಬರಿದ್ದಾರೆ. ಒಬ್ಬರದು ಯೆಜ್ಡಿ 250, ಇನ್ನೊಬ್ಬರದು ಬಲಗಾಲಿಗೆ ಗೇರು, ಎಡಗಾಲಿಗೆ ಬ್ರೇಕು ಇರುವ ಎರಕದ ಕಬ್ಬಿಣದ ಎಂಜಿನ್ನಿನ ಹಳೆಯ ಬುಲೆಟ್. ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ದಿನವೆಂದು ಯೆಜ್ಡಿಯವರು ಸವಾರಿ ಹೊರಟರೆ, ಬುಲೆಟ್ಟಿನವರು ಮದುವೆಗೆ ಬಂದ ಬೀಗರ ಕಡೆಯವರಂತೆ ಕೊಂಕು ಹುಡುಕುವುದಕ್ಕೆಂದೇ ಜೊತೆಗೆ ಹೋಗುತ್ತಾರೆ. ಒಂದು ವರ್ಷ ಮಡಿಕೇರಿಗೆ ಹೋಗುವುದೆಂದು ನಿಶ್ಚಯವಾಗಿತ್ತು. ಅದಕ್ಕೆ ಮುಂಚೆ ಬುಲೆಟ್ ನಮ್ಮಲ್ಲಿಗೆ ಬಂತು. ದೂರು ಒಂದೇ: ಮೊದಲು ಅಲ್ಲೊಂದು ಇಲ್ಲೊಂದು ಹನಿ ಬೀಳುತ್ತಿತ್ತು, ಈಚೆಗೆ ನಾಲ್ಕೂ ಕಡೆ ಎಣ್ಣೆ ಜಿನುಗುತ್ತಿದೆ.

ಈ ‘ಈಚೆಗೆ’ ಎಂಬ ಮಾತು ನನ್ನ ಕಿವಿಗೆ ಬಿತ್ತೇ ಹೊರತು ತಲೆಗೆ ಹೋಗಲಿಲ್ಲ. ಬುಲೆಟ್ ಎಂದ ಮೇಲೆ ಎಣ್ಣೆ ಸೋರದೆ ಇನ್ನೇನು ಎಂದು ಅವರ ಎದುರಿಗೇ ನಕ್ಕೆ, ಅವರೂ ನಕ್ಕರು. ನಮ್ಮ ಮಾಲೀಕರು ಗಾಡಿಯ ದೂರು, ಕೆಲಸ ಬರೆಯುವ ಕಾಗದದ ಜಾಬ್ ಕಾರ್ಡು ತೆಗೆಸಿ ಟ್ಯಾಬ್ ತಂದಿಟ್ಟಿದ್ದಾರೆ. ಅದರಲ್ಲಿ ದೂರನ್ನು ನಮ್ಮ ಮಾತಿನಲ್ಲಿ ಬರೆಯುವಂತಿಲ್ಲ, ಪಟ್ಟಿಯಿಂದ ಆರಿಸಬೇಕು. ಪಟ್ಟಿಯಲ್ಲಿ ‘ಆಯಿಲ್ ಸೀಪೇಜ್ – ನಾರ್ಮಲ್’ ಎಂಬುದೊಂದಿದೆ. ಅದನ್ನು ಒತ್ತಿದೆ. ನಾರ್ಮಲ್ ಎಂದು ಒತ್ತಿದ ಗಾಡಿ ತಾನಾಗಿಯೇ ಜನರಲ್ ಸರ್ವಿಸಿಗೆ ಹೋಗುತ್ತದೆ, ಖಾಲಿ ಇರುವ ಬೇ ಯಾವುದೋ ಅಲ್ಲಿಗೆ ಬೀಳುತ್ತದೆ. ಬುಲೆಟ್ ಮೇಸ್ತ್ರಿ ಅಂದು ರಜೆಯಲ್ಲಿದ್ದುದರಿಂದ ಗಾಡಿ ಯೆಜ್ಡಿ ಮೇಸ್ತ್ರಿಯ ಕೈಗೆ ಸಿಕ್ಕಿತು. ಅವರು ಒಳ್ಳೆಯ ಕೆಲಸಗಾರರು, ಆ ದಿನವೂ ಕೈಯ ಕೆಲಸವನ್ನು ಚೆನ್ನಾಗಿಯೇ ಮಾಡಿದರು: ಎಂಜಿನ್ನಿನ ಮುಚ್ಚಳಗಳಾದ ರಾಕರ್ ಕವರು, ಟ್ಯಾಪೆಟ್ ಕವರು ಎರಡರ ಕೆಳಗೂ ಎಣ್ಣೆ ತಡೆಯುವ ಪ್ಯಾಕಿಂಗ್ ಹೊಸದು ಹಾಕಿ, ಪೇಸ್ಟ್ ಬಳಿದು, ಒರೆಸಿ ಹೊಳೆಯುವಂತೆ ಮಾಡಿ ಶನಿವಾರ ಸಂಜೆ ಡೆಲಿವರಿ ಕೊಟ್ಟರು. ಶನಿವಾರದೊಳಗೆ ಎಷ್ಟು ಗಾಡಿ ಹೊರಗೆ ಹೋಯಿತೆಂಬುದರ ಮೇಲೆ ನಮ್ಮೆಲ್ಲರ ಇನ್ಸೆಂಟಿವ್ ನಿಂತಿದೆಯೆಂಬುದನ್ನೂ ಇಲ್ಲಿ ಹೇಳದಿದ್ದರೆ ಅನ್ಯಾಯವಾಗುತ್ತದೆ.

ಭಾನುವಾರ ನಡೆದುದನ್ನು ಇಬ್ಬರ ಬಾಯಿಂದಲೂ ಬೇರೆ ಬೇರೆಯಾಗಿ ಕೇಳಿದ್ದೇನೆ. ಕುಶಾಲನಗರ ದಾಟುವವರೆಗೆ ಎಲ್ಲವೂ ಸರಿಯಿತ್ತು. ಸುಂಟಿಕೊಪ್ಪದ ಆಚೆ ಏರು ಶುರುವಾಗಿ, ಜುಲೈ ಮಳೆಗೆ ರಸ್ತೆ ನೆಂದಿದ್ದಾಗ, ಹಿಂದೆ ಬರುತ್ತಿದ್ದ ಯೆಜ್ಡಿಯವರಿಗೆ ನೀರಿನ ಮೇಲೆ ಎಣ್ಣೆಯ ಬಣ್ಣದ ಪಟ್ಟಿ ಕಾಣಿಸಿತು. ಸ್ವಲ್ಪ ಹತ್ತಿರ ಹೋಗಿ ನೋಡಿದರೆ ಬುಲೆಟ್ಟಿನ ಚೈನು ಎರಚುತ್ತಿದ್ದ ಎಣ್ಣೆಗೆ ಹಿಂದಿನ ಟೈರಿನ ಎಡಮಗ್ಗುಲು ಕಪ್ಪಗೆ ಮಿನುಗುತ್ತಿತ್ತು. ಅವರು ಹಾರ್ನ್ ಹೊಡೆದರು. ಯೆಜ್ಡಿಯ 6 ವೋಲ್ಟಿನ ಹಾರ್ನ್ ಬುಲೆಟ್ಟಿನ ಸದ್ದಿನ ಮುಂದೆ ಯಾವ ಮೂಲೆಗೆ? ಪಕ್ಕಕ್ಕೆ ಬಂದು ಕೈ ಮಾಡಿ ನಿಲ್ಲಿಸೋಣವೆಂದು ಆಕ್ಸಿಲರೇಟರ್ ತಿರುವಿದರು. ಕನ್ನಡಿಯಲ್ಲಿ ಯೆಜ್ಡಿ ಮೇಲೆ ಬರುವುದನ್ನು ಕಂಡ ಬುಲೆಟ್ಟಿನವರು, ಜಾವಾ ದಿನದಂದು ಇವನಿಗೆ ದಾರಿ ಬಿಟ್ಟರೆ ಇಡೀ ವರ್ಷ ಕೇಳಬೇಕಾಗುತ್ತದೆ ಎಂದುಕೊಂಡು ತಾವೂ ತಿರುವಿದರು. ಇವರು ಕೈ ಬೀಸಿದಷ್ಟೂ ಅವರು ಅದನ್ನು ಕೆಣಕುವಿಕೆಯೆಂದೇ ತಿಳಿದರು. ಮುಂದಿನ ಎಡತಿರುವಿನಲ್ಲಿ ಬುಲೆಟ್ಟಿನ ಹಿಂಭಾಗ ಒಂದು ಮೊಳದಷ್ಟು ಹೊರಕ್ಕೆ ಜಾರಿತು. ಎದುರಿನಿಂದ ಆ ಕ್ಷಣದಲ್ಲಿ ಯಾವ ಬಸ್ಸೂ ಬರಲಿಲ್ಲ, ಗಾಡಿಯ ತೂಕವೇ ಅದನ್ನು ಮತ್ತೆ ನೆಟ್ಟಗೆ ನಿಲ್ಲಿಸಿತು ಎಂದು ಅವರು ಹೇಳುತ್ತಾರೆ. ಯೆಜ್ಡಿಯವರು ಇದನ್ನು ಈಗಲೂ ಒಪ್ಪುವುದಿಲ್ಲ. ಅದು ದೇವರ ಕೆಲಸ, ಗಾಡಿಯದಲ್ಲ ಎನ್ನುತ್ತಾರೆ.

ಫೋನು ಬಂದಾಗ ನಾನು ಮನೆಯಲ್ಲಿದ್ದೆ. ‘ಸೂಪರ್‌ವೈಸರ್ರೇ, ಏನ್ರೀ ಮಾಡಿದ್ದೀರಿ ಇವನ ಗಾಡಿಗೆ?’ ಎಂದು ಕೇಳಿದವರು ಬುಲೆಟ್ಟಿನವರಲ್ಲ, ಯೆಜ್ಡಿಯವರು. ನಾನು ಫೋನಿನಲ್ಲೇ ಜಾಬ್ ಕಾರ್ಡ್ ತೆಗೆದು ನೋಡಿದೆ: ನಾರ್ಮಲ್. ಬುಲೆಟ್ ಮೇಸ್ತ್ರಿಯನ್ನೂ ಲೈನಿಗೆ ಸೇರಿಸಿಕೊಂಡೆ. ಅವರು ಪ್ಯಾಕಿಂಗಿನ ಮಾತನ್ನೇ ಎತ್ತಲಿಲ್ಲ. ‘ಬ್ರೀದರ್ ಬಾಯಿಗೆ ಹೆಬ್ಬೆರಳು ಇಟ್ಟು ನೋಡಿದ್ರಾ?’ ಎಂದರು. ಯಾರೂ ನೋಡಿರಲಿಲ್ಲ.

ಪಿಸ್ಟನ್ ಕೆಳಗೆ ಇಳಿದಾಗಲೆಲ್ಲ ಎಂಜಿನ್ನಿನ ಕೆಳಪೆಟ್ಟಿಗೆಯಾದ ಕ್ರ್ಯಾಂಕ್‌ಕೇಸಿನೊಳಗಿನ ಗಾಳಿ ಎಲ್ಲಿಯಾದರೂ ಹೊರಗೆ ಹೋಗಬೇಕು. ಹಳೆಯ ಬುಲೆಟ್ಟಿನಲ್ಲಿ ಅದು ಹೋಗುವುದು ಬ್ರೀದರ್ ಎಂಬ ಗಾಳಿಕೊಳವೆಯ ತುದಿಯ ರಬ್ಬರಿನಿಂದ. ಚಪ್ಪಟೆ ತುಟಿಯ ಆ ರಬ್ಬರು ಗಾಳಿಯನ್ನು ಹೊರಗೆ ಬಿಡುತ್ತದೆ, ಒಳಗೆ ಸೇರಿಸುವುದಿಲ್ಲ. ಎಂಜಿನ್ ಐಡಲಿನಲ್ಲಿದ್ದಾಗ ಹೆಬ್ಬೆರಳು ಹಿಡಿದರೆ ಪುಸ್ ಪುಸ್ ಎಂದು ಬಡಿಯಬೇಕು. ಇವರ ಗಾಡಿಯಲ್ಲಿ ರಬ್ಬರು ಒಣಗಿ, ತುಟಿಗಳು ಒಂದಕ್ಕೊಂದು ಕಚ್ಚಿಕೊಂಡಿದ್ದವು. ಒಳಗೆ ಕಟ್ಟಿಕೊಂಡ ಒತ್ತಡ ಅಲ್ಲಿಯವರೆಗೆ ರಾಕರ್ ಕವರಿನಿಂದ, ಟ್ಯಾಪೆಟ್ ಕವರಿನಿಂದ ಎಣ್ಣೆಯನ್ನು ಮೆಲ್ಲಗೆ ತಳ್ಳುತ್ತಿತ್ತು. ನಾವು ಆ ಎರಡು ದಾರಿಗಳನ್ನೂ ಅಚ್ಚುಕಟ್ಟಾಗಿ ಮುಚ್ಚಿ ಕಳಿಸಿದ್ದೆವು. ಏರಿನಲ್ಲಿ ಎಂಜಿನ್ ದುಡಿಯತೊಡಗಿದಾಗ ಎಣ್ಣೆ ಎಡಗಡೆಯ ಸೀಲನ್ನು ದಾಟಿ ಮುಂದಿನ ಚೈನಿರುವ ಪ್ರೈಮರಿ ಕೇಸಿಗೆ ಇಳಿದು, ಅಲ್ಲಿ ತುಂಬಿ, ಹಿಂದಿನ ಚೈನಿಗೂ ಟೈರಿಗೂ ತಲುಪಿತು. ಗಾಡಿ ಸೋರುತ್ತಿದ್ದಾಗಲೇ ಹೆಚ್ಚು ಸುರಕ್ಷಿತವಾಗಿತ್ತು.

ಮೇಸ್ತ್ರಿ ಒಂದೊಂದಾಗಿ ಹೇಳುತ್ತ ಹೋದರು, ಯೆಜ್ಡಿಯವರು ಮಳೆಯಲ್ಲಿ ಮಂಡಿಯೂರಿ ಸ್ನೇಹಿತನ ಬುಲೆಟ್ಟಿನ ರಬ್ಬರನ್ನು ಕಿತ್ತರು. ಪೈಪಿನ ಬಾಯಿ ಟೈರಿನಿಂದ ದೂರ ಇರುವಂತೆ ತಂತಿಯಿಂದ ಕಟ್ಟಿದರು, ಟೈರಿಗೂ ರಿಮ್ಮಿಗೂ ಸೋಪು ಹಾಕಿ ಉಜ್ಜಿದರು. ಬ್ರೇಕ್ ಡ್ರಮ್ಮಿಗೆ ಎಣ್ಣೆ ಇಳಿದಿಲ್ಲವೆಂದು ಖಚಿತವಾಗುವವರೆಗೆ ಬುಲೆಟ್ ಮೇಸ್ತ್ರಿ ಗಾಡಿಯನ್ನು ಕದಲಿಸಲು ಬಿಡಲಿಲ್ಲ. ಎಂಜಿನ್ ಆಯಿಲ್ ಕಡಿಮೆಯಿತ್ತು. ಪೆಟ್ರೋಲಿಗೆ ಬೆರೆಸಲೆಂದು ಯೆಜ್ಡಿಯವರ ಡಬ್ಬಿಯಲ್ಲಿ ಸದಾ ಇರುವ ಟೂ-ಟಿ ಆಯಿಲನ್ನು ಸುರಿಯಲೇ ಎಂದು ಅವರು ಕೇಳಿದಾಗ ಅದು ಬುಲೆಟ್ ಎಂಜಿನ್ನಿಗೆ ಆಗುವ ಎಣ್ಣೆಯಲ್ಲವೆಂದು ಮೇಸ್ತ್ರಿ ಕಿರುಚಿದರು, ನನಗೆ ಮನೆಯಲ್ಲಿ ಬೆವರಿತು. ಯೆಜ್ಡಿಯವರೇ ಹಿಂದಕ್ಕೆ ಹೋಗಿ ಸುಂಟಿಕೊಪ್ಪದಿಂದ 20ಡಬ್ಲ್ಯೂ-50 ಎಂಜಿನ್ ಆಯಿಲ್ ತಂದು ಹಾಕಿದರು. ಹಾಕುತ್ತ, ‘ನಾನು ಎಣ್ಣೆ ಸುಡಬೇಕು ಅಂತಲೇ ಹಾಕ್ತೀನಿ ಕಣಯ್ಯ, ನಿಂದು ಕೇಳದೇನೇ ಚೆಲ್ಲುತ್ತೆ’ ಎಂದದ್ದು ಫೋನಿನಲ್ಲಿ ಸ್ಪಷ್ಟವಾಗಿ ಕೇಳಿಸಿತು. ಮಡಿಕೇರಿಯನ್ನು ಬಿಟ್ಟು ನಿಧಾನವಾಗಿ ಮೈಸೂರಿಗೆ ಇಳಿದರು.

ಸೋಮವಾರ ಬೆಳಿಗ್ಗೆ ಇಬ್ಬರು ಮೇಸ್ತ್ರಿಗಳೂ ಸೇರಿ ಆ ಎಂಜಿನ್ನಿನ ಮುಂದೆ ಕೂತರು, ಟೀ ಬಂದರೂ ಯಾರೂ ಗಾಡಿಯ ಜಾತಿ ಎತ್ತಲಿಲ್ಲ. ಈಗ ಎಣ್ಣೆಯ ದೂರು ಹೊತ್ತ ಯಾವ ಬುಲೆಟ್ ಬಂದರೂ ಪ್ಯಾಕಿಂಗಿಗೆ ಕೈ ಹಾಕುವ ಮುನ್ನ ಹೆಬ್ಬೆರಳು ಹಿಡಿಯಬೇಕು, ಹಿಡಿದವರು ಸಹಿ ಹಾಕಬೇಕು. ಗಿರಾಕಿಯ ದೂರು ಎಂದಿನಿಂದ ಶುರುವಾಯಿತೆಂದು ನಾನೇ ಒಂದು ನೋಟ್ ಪುಸ್ತಕದಲ್ಲಿ ಬರೆದಿಡುತ್ತೇನೆ, ಏಕೆಂದರೆ ಟ್ಯಾಬಿನಲ್ಲಿ ಅದಕ್ಕೆ ಜಾಗವಿಲ್ಲ. ಪಟ್ಟಿಯಿಂದ ಆ ‘ನಾರ್ಮಲ್’ ತೆಗೆಸಿರೆಂದು ಮಾಲೀಕರಿಗೆ ಹೇಳಿದೆ. ಸಾಫ್ಟ್‌ವೇರಿನವನಿಗೆ ಹೇಳಿದ್ದೇನೆ ಎಂದರು, ಇನ್ನೂ ಅಲ್ಲೇ ಇದೆ.

ಸೀಲು, ರಬ್ಬರು, ಎಣ್ಣೆ ಎಲ್ಲವನ್ನೂ ನಮ್ಮ ಖರ್ಚಿನಲ್ಲಿ ಹಾಕಿಕೊಡುತ್ತೇವೆಂದರೂ ಬುಲೆಟ್ಟಿನವರು ಒಪ್ಪದೆ, ಸಾಮಾನಿನ ದುಡ್ಡು ಕೊಡುತ್ತೇನೆ, ಕೂಲಿ ಮಾತ್ರ ಕೊಡುವುದಿಲ್ಲ ಎಂದರು. ಅದು ನ್ಯಾಯವೇ. ಆದರೆ ಕೂಲಿಯ ಜಾಗದಲ್ಲಿ ಸೊನ್ನೆ ಹಾಕಿದರೆ ಟ್ಯಾಬ್ ಬಿಲ್ಲನ್ನು ಮುಂದಕ್ಕೆ ಬಿಡುವುದಿಲ್ಲ. ಕೊನೆಗೆ ಒಂದು ವಾಟರ್ ವಾಶ್ ಸೇರಿಸಿ, ಆ ಹಣವನ್ನು ನನ್ನ ಜೇಬಿನಿಂದ ಕಟ್ಟಿ ಬಿಲ್ ಮುಗಿಸಿದೆ. ಗಾಡಿ ತೊಳೆಯದೆಯೇ ಹೋಯಿತು. ಅದನ್ನೂ ಯೆಜ್ಡಿಯವರೇ ಮೊದಲು ಕಂಡು ಆಡಿಕೊಂಡರು.