ಎಂಜಿನ್‌ಎಕ್ಸ್ ಸರ್ವರ್‌ನ ತೆರೆದ ಫೈಲ್ ಮಿತಿ: ಕೆಲಸ ಎಲ್ಲಿಗೆ ಬಂತು

ವ್ಯವಸ್ಥೆ: ಡೆಬಿಯನ್ 12, ಮುಂದೆ ಎಂಜಿನ್‌ಎಕ್ಸ್ ರಿವರ್ಸ್ ಪ್ರಾಕ್ಸಿ (ಗ್ರಾಹಕರ ವಿನಂತಿಯನ್ನು ಹಿಂದಿನ ಸರ್ವರ್‌ಗೆ ದಾಟಿಸುವ ವೆಬ್ ಸರ್ವರ್), ಅದರ ಹಿಂದೆ ಆ್ಯಪ್ ಸರ್ವರ್. ಎರಡನ್ನೂ ನಡೆಸುವುದು ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಸೇವೆಗಳನ್ನು ಎಬ್ಬಿಸಿ ನೋಡಿಕೊಳ್ಳುವ ಪ್ರೋಗ್ರಾಮ್).

ಲಾಗ್‌ನಲ್ಲಿ ಕಂಡದ್ದು

ಡೆಬಿಯನ್ ಪ್ಯಾಕೇಜಿನ ವರ್ಕರ್_ಕನೆಕ್ಷನ್ಸ್ (ಒಂದು ವರ್ಕರ್ ಪ್ರೊಸೆಸ್ ಒಮ್ಮೆಗೆ ಹಿಡಿಯಬಹುದಾದ ಸಂಪರ್ಕಗಳು) 768. ಅದು ತುಂಬಿದಾಗ ‘768 ವರ್ಕರ್_ಕನೆಕ್ಷನ್ಸ್ ಆರ್ ನಾಟ್ ಎನಫ್’ ಎಂಬ ಸಾಲು ಬರುತ್ತಿತ್ತು. 4096ಕ್ಕೆ ಏರಿಸಿದ ಮೇಲೆ ಆ ಸಾಲು ಹೋಯಿತು, ಅದರ ಬದಲು ‘24: ಟೂ ಮೆನಿ ಓಪನ್ ಫೈಲ್ಸ್’ ಶುರುವಾಯಿತು. ಇದು ಸಹಜವೇ: ಪ್ರತಿ ಸಂಪರ್ಕವೂ ಒಂದು ತೆರೆದ ಫೈಲ್ ಎಂದೇ ಲೆಕ್ಕ, ವರ್ಕರ್ ಪ್ರೊಸೆಸ್‌ನ ತೆರೆದ ಫೈಲ್‌ಗಳ ಸಾಫ್ಟ್ ಮಿತಿ (ಸದ್ಯ ಜಾರಿಯಲ್ಲಿರುವ ಮಿತಿ) ಇನ್ನೂ 1024ರಲ್ಲೇ ಇತ್ತು. ಎರರ್ ಸಂಖ್ಯೆ 24 ಅಂದರೆ ಆ ಒಂದು ಪ್ರೊಸೆಸ್‌ನ ಮಿತಿ ಮುಗಿದಿದೆ ಎಂದರ್ಥ. ಇಡೀ ಯಂತ್ರದ ಮಿತಿ ಮುಗಿದಿದ್ದರೆ 23 ಬರುತ್ತಿತ್ತು. ಹಾಗಾಗಿ ಎಫ್‌ಎಸ್.ಫೈಲ್-ಮ್ಯಾಕ್ಸ್ (ಇಡೀ ಯಂತ್ರದ ಮಿತಿ) ಮುಟ್ಟುವ ಅಗತ್ಯವೇ ಇರಲಿಲ್ಲ.

ಕೆಲಸ ಮಾಡದ ಬದಲಾವಣೆ

/ಇಟಿಸಿ/ಸೆಕ್ಯೂರಿಟಿ/ಲಿಮಿಟ್ಸ್.ಕಾನ್ಫ್‌ನಲ್ಲಿ ನೋಫೈಲ್ (ತೆರೆದ ಫೈಲ್ ಮಿತಿ) 65536 ಬರೆದರೂ ಏನೂ ಬದಲಾಗಲಿಲ್ಲ. ಆ ಫೈಲನ್ನು ಓದುವುದು ಪ್ಯಾಮ್ (ಲಾಗಿನ್ ದೃಢೀಕರಣ ನೋಡಿಕೊಳ್ಳುವ ವ್ಯವಸ್ಥೆ), ಅದೂ ಲಾಗಿನ್ ಆಗುವಾಗ. ಸಿಸ್ಟಮ್‌ಡಿ ಎಬ್ಬಿಸುವ ಸೇವೆಗಳು ಸಾಮಾನ್ಯವಾಗಿ ಆ ದಾರಿಯಲ್ಲಿ ಹಾಯುವುದೇ ಇಲ್ಲ. ಶೆಲ್‌ನಲ್ಲಿ ‘ಯುಲಿಮಿಟ್ -ಎನ್’ ಕೊಟ್ಟರೆ 65536 ತೋರಿಸುತ್ತದೆ, ಸರ್ವರ್ ಮಾತ್ರ ಹಳೆಯ ಮಿತಿಯಲ್ಲೇ ಓಡುತ್ತಿರುತ್ತದೆ. ನಂಬಬೇಕಾದದ್ದು ಒಂದೇ ಕಡೆ: /ಪ್ರಾಕ್/ಪಿಐಡಿ/ಲಿಮಿಟ್ಸ್, ಅದೂ ಮಾಸ್ಟರ್‌ನದಲ್ಲ (ವರ್ಕರ್‌ಗಳನ್ನು ಹುಟ್ಟಿಸುವ ಮುಖ್ಯ ಪ್ರೊಸೆಸ್), ವರ್ಕರ್‌ನ ಪಿಐಡಿ (ಪ್ರೊಸೆಸ್ ಸಂಖ್ಯೆ).

ಇದೇ ಫೈಲಿನಲ್ಲಿ ಇನ್ನೊಂದು ಅಪಾಯವಿದೆ. ನೋಫೈಲ್‌ನ ಬೆಲೆ ಎಫ್‌ಎಸ್.ಎನ್‌ಆರ್_ಓಪನ್‌ಗಿಂತ (ಒಂದು ಪ್ರೊಸೆಸ್‌ಗೆ ಕೊಡಬಹುದಾದ ಗರಿಷ್ಠ ಮಿತಿ, ಕರ್ನಲ್‌ನ ಮೂಲ ಬೆಲೆ 1048576) ದೊಡ್ಡದಾದರೆ ಲಾಗಿನ್ನೇ ಮುರಿಯಬಹುದು. ಇದನ್ನು ತಿದ್ದುವಾಗ ರೂಟ್‌ನ ಇನ್ನೊಂದು ಸೆಷನ್ ತೆರೆದಿಟ್ಟುಕೊಳ್ಳಿ. ಎಲ್ಲ ಬಳಕೆದಾರರಿಗೆಂದು ಬರೆಯುವ ನಕ್ಷತ್ರ ಚಿಹ್ನೆಯ ಸಾಲು ರೂಟ್‌ಗೆ ಅನ್ವಯಿಸುವುದಿಲ್ಲ ಎಂಬುದೂ ನೆನಪಿರಲಿ.

ಕೆಲಸ ಮಾಡಿದ ಬದಲಾವಣೆ

‘ಸಿಸ್ಟಮ್‌ಸಿಟಿಎಲ್ ಎಡಿಟ್ ಎಂಜಿನ್‌ಎಕ್ಸ್’ ಕೊಟ್ಟು, ಸರ್ವಿಸ್ ವಿಭಾಗದಲ್ಲಿ ಲಿಮಿಟ್‌ನೋಫೈಲ್=16384. ಎಂಜಿನ್‌ಎಕ್ಸ್ ಕಾನ್ಫಿಗ್‌ನ ಹೊರಮಟ್ಟದಲ್ಲಿ, ಅಂದರೆ ಇವೆಂಟ್ಸ್ ಬ್ಲಾಕಿನ ಹೊರಗೆ, ವರ್ಕರ್_ಆರ್‌ಲಿಮಿಟ್_ನೋಫೈಲ್ 10240. ಮೊದಲನೆಯದಕ್ಕೆ ರೀಸ್ಟಾರ್ಟ್ ಬೇಕೇ ಬೇಕು: ರೀಲೋಡ್‌ನಲ್ಲಿ ಮಾಸ್ಟರ್ ಹಳೆಯದೇ ಉಳಿಯುವುದರಿಂದ ಮಿತಿಯೂ ಹಳೆಯದೇ. ಎರಡನೆಯದಕ್ಕೆ ರೀಲೋಡ್ ಸಾಕು, ಹೊಸ ವರ್ಕರ್‌ಗಳು ಹುಟ್ಟುವಾಗಲೇ ಅದು ಜಾರಿಗೆ ಬರುತ್ತದೆ. ಒಂದಿದ್ದರೆ ಇನ್ನೊಂದು ಕಡ್ಡಾಯವಲ್ಲ, ಆದರೂ ಎರಡನ್ನೂ ಬರೆದಿಟ್ಟರೆ ಮುಂದೆ ಕಾನ್ಫಿಗ್ ನೋಡುವವರಿಗೆ ಗೊಂದಲ ಕಡಿಮೆ.

10240 ಬಂದ ಲೆಕ್ಕ: ಪ್ರಾಕ್ಸಿ ಮಾಡುವಾಗ ಒಬ್ಬ ಗ್ರಾಹಕನಿಗೆ ಎರಡು ಸಾಕೆಟ್, ಎರಡೂ ವರ್ಕರ್_ಕನೆಕ್ಷನ್ಸ್ ಲೆಕ್ಕಕ್ಕೆ ಸೇರುತ್ತವೆ. ಆದ್ದರಿಂದ 4096 ಅಂದರೆ ಒಂದು ವರ್ಕರ್‌ಗೆ ಸುಮಾರು 2048 ಗ್ರಾಹಕರು. ತಾತ್ಕಾಲಿಕ ಫೈಲ್, ಸ್ಟ್ಯಾಟಿಕ್ ಫೈಲ್, ಲಾಗ್‌ಗಳಿಗೆಲ್ಲ ಇನ್ನಷ್ಟು. 4096ರ ದುಪ್ಪಟ್ಟಿನ ಮೇಲೆ ಸ್ವಲ್ಪ ಇಟ್ಟರೆ ಸಾಕು.

‘ಇನ್ಫಿನಿಟಿ’ ಹಾಕಿ ಕೈತೊಳೆದುಕೊಳ್ಳುವ ಸಲಹೆ ಎಲ್ಲೆಡೆ ಸಿಗುತ್ತದೆ. ಅದು ಬೇಡ. ಶುರುವಾಗುವಾಗ ಮಿತಿಯವರೆಗಿನ ಪ್ರತಿ ಡಿಸ್ಕ್ರಿಪ್ಟರ್ (ತೆರೆದ ಫೈಲಿಗೆ ಕೊಡುವ ಸಂಖ್ಯೆ) ಅನ್ನೂ ಮುಚ್ಚುತ್ತಾ ಹೋಗುವ ಹಳೆಯ ಪ್ರೋಗ್ರಾಮ್‌ಗಳಿವೆ, ಮಿತಿ ಕೋಟಿಗಟ್ಟಲೆ ಆದರೆ ಅವು ಅಲ್ಲೇ ಸಿಪಿಯು ತಿನ್ನುತ್ತಾ ಕೂರುತ್ತವೆ.

ಉಳಿದದ್ದು

ಆ್ಯಪ್ ಸರ್ವರ್‌ಗೆ ರೀಸ್ಟಾರ್ಟ್ ಮಾಡದೆಯೇ ‘ಪಿಆರ್‌ಲಿಮಿಟ್’ (ಓಡುತ್ತಿರುವ ಪ್ರೊಸೆಸ್‌ನ ಮಿತಿ ಬದಲಿಸುವ ಆಜ್ಞೆ) ಮೂಲಕ ತಾತ್ಕಾಲಿಕವಾಗಿ 4096 ಕೊಟ್ಟಾಗಿದೆ. ರೀಸ್ಟಾರ್ಟ್ ಆದರೆ ಇದು ಹೋಗುತ್ತದೆ, ಬೇಕೆಂದೇ ಕಾಯಂ ಮಾಡಿಲ್ಲ. ಕಾರಣ, /ಪ್ರಾಕ್/ಪಿಐಡಿ/ಎಫ್‌ಡಿ ಒಳಗಿನ ತೆರೆದ ಫೈಲ್‌ಗಳ ಎಣಿಕೆ ರಾತ್ರಿ ಟ್ರಾಫಿಕ್ ಇಳಿದರೂ ಇಳಿಯುತ್ತಿಲ್ಲ. ಸಂಪರ್ಕಗಳ ಪಟ್ಟಿ ಕೊಡುವ ‘ಎಸ್‌ಎಸ್ -ಟಿಎನ್‌ಪಿ’ಯಲ್ಲಿ ಬಹುಪಾಲು ಕ್ಲೋಸ್-ವೇಟ್: ಎದುರಿನವರು ಸಂಪರ್ಕ ಮುಗಿಸಿದ್ದಾರೆ, ನಮ್ಮ ಕೋಡ್ ಸಾಕೆಟ್ ಮುಚ್ಚಿಲ್ಲ. ಇಲ್ಲಿ ಮಿತಿ ಏರಿಸುವುದೆಂದರೆ ಕುಸಿತವನ್ನು ಮುಂದೂಡಿದಂತೆ ಅಷ್ಟೇ. ಮುಂದಿನ ಕೆಲಸ: ಎಚ್‌ಟಿಟಿಪಿ ಕ್ಲೈಂಟ್ ಬಳಸುವ ಕಡೆಯೆಲ್ಲ, ಎರರ್ ಬಂದು ಮಧ್ಯದಲ್ಲೇ ಹಿಂತಿರುಗುವ ಹಾದಿಗಳಲ್ಲೂ, ರೆಸ್ಪಾನ್ಸ್ ಬಾಡಿ ಮುಚ್ಚುತ್ತಿದೆಯೇ ಎಂದು ಪರಿಶೀಲಿಸುವುದು.