ಹದಿನೇಳನೆಯ ಮಾದರಿ

ಸ್ನಾತಕೋತ್ತರ ಓದಿನ ಎರಡನೆಯ ವರ್ಷದ ಮಳೆಗಾಲದಲ್ಲಿ ಹಳ್ಳಿಯೊಂದರಿಂದ ತಂದ ನಾಯಿ ಮಲದ ಮಾದರಿಗಳಲ್ಲಿ ಹದಿನೇಳನೆಯದನ್ನು ನಾನು ಮರೆತಿಲ್ಲ. ಅದನ್ನು ಎತ್ತಿಕೊಂಡ ಅಂಗಳದ ತೇವದ ಮಣ್ಣಿನಲ್ಲೇ ಪುಟ್ಟ ಹುಡುಗಿಯೊಬ್ಬಳು ಬರಿಗಾಲಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದಳು. ಹುಳುವಿನ ಮೊಟ್ಟೆ ಹುಡುಕುತ್ತೇನೆಂದು ನಾನು ಹೇಳಿದಾಗ ಅವಳ ಅಜ್ಜಿ, "ಯಾವ ಹುಳ ಅಂತ ಬಂದು ಹೇಳವ್ವ" ಎಂದಿದ್ದರು.

ಗಾಢ ಉಪ್ಪುನೀರಿನಲ್ಲಿ ತೇಲಿಸಿ ಸೂಕ್ಷ್ಮದರ್ಶಕದಡಿ ಇಟ್ಟಾಗ ತೆಳು ಚಿಪ್ಪಿನ, ಸುಮಾರು 60 ಮೈಕ್ರೋಮೀಟರ್ ಉದ್ದದ ಕೊಕ್ಕೆಹುಳುವಿನ ಮೊಟ್ಟೆಗಳು ಕಂಡವು. ಆದರೆ ಅಜ್ಜಿಯ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ. ನಾಯಿಗಳ ಕೊಕ್ಕೆಹುಳುಗಳಲ್ಲೊಂದಾದ ಆನ್ಸಿಲೋಸ್ಟೋಮಾ ಕ್ಯಾನೈನಮ್‌ನ ಮರಿಹುಳು ಮನುಷ್ಯರ ಚರ್ಮವನ್ನು ಹೊಕ್ಕರೂ ಸಾಮಾನ್ಯವಾಗಿ ಕರುಳಿನಲ್ಲಿ ಬೆಳೆದು ಮೊಟ್ಟೆಯಿಡುವುದಿಲ್ಲ. ಆದರೆ ನಾಯಿಗಳಲ್ಲೇ ಇರುವ ಅದರ ಸಂಬಂಧಿ ಸಿಲಾನಿಕಮ್ ಮನುಷ್ಯರ ಕರುಳಿನಲ್ಲೇ ಬಲಿತು ರಕ್ತ ಹೀರುತ್ತದೆ. ಇವೆರಡರ ಮೊಟ್ಟೆಗಳನ್ನು ಕಣ್ಣಳತೆಯಲ್ಲಿ ಬೇರ್ಪಡಿಸಲಾಗದು, ಡಿಎನ್‌ಎಯನ್ನೇ ಕೇಳಬೇಕು.

ಸಣ್ಣ ಮಣಿಗಳೊಂದಿಗೆ ಜೋರಾಗಿ ಕುಲುಕಿ ಚಿಪ್ಪು ಒಡೆದು, ಡಿಎನ್‌ಎ ಬೇರ್ಪಡಿಸಿ, ಡಿಎನ್‌ಎಯ ಒಂದು ತುಣುಕನ್ನು ಮತ್ತೆ ಮತ್ತೆ ನಕಲು ಮಾಡಿ ಹೆಚ್ಚಿಸುವ ಪಿಸಿಆರ್ ಯಂತ್ರದಲ್ಲಿ 35 ಆವರ್ತಗಳನ್ನು ಮುಗಿಸಿದ ಸಂಜೆ, ಆ ನಕಲುಗಳು ಪಟ್ಟಿಯಾಗಿ ಕಾಣಬೇಕಾದ ಜೆಲ್‌ನಲ್ಲಿ ಹದಿನೇಳನೆಯ ಸಾಲು ಖಾಲಿಯಾಗಿತ್ತು. ಬೆಳಿಗ್ಗೆಯಷ್ಟೇ ಕಣ್ಣಾರೆ ಕಂಡ ಮೊಟ್ಟೆಗಳು ಎಲ್ಲಿ ಹೋದವು? ಖಚಿತವಾಗಿ ಹುಳುವಿನದೇ ಎಂದು ಗೊತ್ತಿದ್ದ ಡಿಎನ್‌ಎಯನ್ನು ಅದೇ ಮಾದರಿಗೆ ಬೆರೆಸಿ ಮತ್ತೆ ನಡೆಸಿದೆ. ಅದರ ಪಟ್ಟಿಯೂ ಮೂಡಲಿಲ್ಲ. ಮಲದಲ್ಲಿ ಉಳಿದುಬಂದ ಪಿತ್ತಲವಣದಂಥ ವಸ್ತುಗಳು ನಕಲು ಮಾಡುವ ಕಿಣ್ವವನ್ನೇ ತಡೆಯುತ್ತಿದ್ದವು. ಹೀಗೆ ಬೆರೆಸಿ ನೋಡುವ ಪರೀಕ್ಷೆ ಮಾಡದೆ ಖಾಲಿ ಸಾಲನ್ನು "ಹುಳು ಇಲ್ಲ" ಎಂದು ದಾಖಲಿಸುವುದು ದೊಡ್ಡ ತಪ್ಪೆಂದು ನಾನು ಅಂದಿನಿಂದ ನಂಬಿದ್ದೇನೆ, ಏಕೆಂದರೆ ಆ ಎರಡು ಪದಗಳನ್ನು ನೆಚ್ಚಿ ಒಂದು ಮನೆಯವರು ನಿಶ್ಚಿಂತರಾಗಿಬಿಡಬಹುದು. ಡಿಎನ್‌ಎಯನ್ನು ಹತ್ತು ಪಟ್ಟು ತೆಳುಗೊಳಿಸಿ, ತಡೆಯುವ ವಸ್ತುಗಳನ್ನು ಹಿಡಿದಿಡಲು ಆಲ್ಬುಮಿನ್ ಎಂಬ ಪ್ರೋಟೀನನ್ನು ಸ್ವಲ್ಪ ಸೇರಿಸಿ ಮೂರನೆಯ ಬಾರಿ ನಡೆಸಿದಾಗ, ಮರುದಿನ ರಾತ್ರಿ ಒಂಬತ್ತರ ಹೊತ್ತಿಗೆ, ನೇರಳಾತೀತ ಬೆಳಕಿನಲ್ಲಿ ಸ್ಪಷ್ಟವಾದ ಪಟ್ಟಿಯೊಂದು ಹೊಳೆಯಿತು. ಅದರ ಡಿಎನ್‌ಎ ಅಕ್ಷರಗಳ ಅನುಕ್ರಮವನ್ನು ಓದಿಸಿ ತರಿಸಿದಾಗ ಹೆಸರು ತಿಳಿಯಿತು: ಸಿಲಾನಿಕಮ್.

ಮುಂದಿನ ಭಾನುವಾರ ಆ ಅಂಗಳಕ್ಕೆ ಹೋಗಿ, ನಾಯಿಯಲ್ಲಿರುವ ಈ ಹುಳು ಮನುಷ್ಯರ ಹೊಟ್ಟೆಯಲ್ಲೂ ಬೆಳೆಯಬಲ್ಲದು, ನೆಲದ ಮಣ್ಣಿನಿಂದ ಬರಿಗಾಲಿಗೆ ಹತ್ತುತ್ತದೆ ಎಂದು ವಿವರಿಸಿದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ನಾಯಿಗೆ ಮಾತ್ರ ಮದ್ದು ಹಾಕಿದ್ರೆ ಸಾಲ್ದು" ಎಂದರು. ಮೊಮ್ಮಗಳ ಮಲ ಪರೀಕ್ಷೆಗಾಗಿ ಆರೋಗ್ಯ ಕೇಂದ್ರದ ವೈದ್ಯರಿಗೆ ಚೀಟಿ ಬರೆದುಕೊಟ್ಟು, ನಾಯಿಗೆ ಮತ್ತೆ ಮಾತ್ರೆ ಕೊಡಬೇಕಾದ ದಿನವನ್ನು ಅವರ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಬಂದೆ.