ಬಕೆಟ್ ಹಿಡಿಸುವ ಟಬ್ಬು

ನ್ಯೂಜೆರ್ಸಿಯ ನಮ್ಮ ಮನೆ 1960ರ ದಶಕದ್ದು. ಮಹಡಿ ಮೇಲೆ ಒಂದೇ ಬಾತ್‌ರೂಮು. ಕಳೆದ ಸಲ ತಿಪಟೂರಿನಿಂದ ಅಮ್ಮ ಬಂದಿದ್ದಾಗ ಅಡುಗೆಮನೆ ಚಾವಣಿಯಲ್ಲಿ ಹಳದಿ ಕಲೆ ಮೂಡಿತು. ಮೇಲೆ ಹೋಗಿ ನೋಡಿದರೆ ಅಮ್ಮ ಹಳೇ ಸೀರೆ ತುಂಡಿನಿಂದ ಬಾತ್‌ರೂಮಿನ ನೆಲ ಒರೆಸುತ್ತಿದ್ದಳು. ದಿನಾ ಸ್ನಾನ ಆದಮೇಲೆ ಒರೆಸುತ್ತಿದ್ದಳಂತೆ. ನನಗೆ ಹೇಳಿರಲೇ ಇಲ್ಲ.

ಇಲ್ಲಿನ ಮನೆಗಳಲ್ಲಿ ಬಾತ್‌ರೂಮಿನ ನೆಲಕ್ಕೆ ಸಾಮಾನ್ಯವಾಗಿ ಮೋರಿ ಇರುವುದಿಲ್ಲ. ನೀರು ಹೋಗಬೇಕಾದ್ದು ಟಬ್ಬಿನೊಳಗಿಂದಲೇ. ಹೊರಗೆ ಚೆಲ್ಲಿದ್ದು ಸಂದಿಗಳಲ್ಲಿ ಇಳಿದು ಕೆಳಗಿನ ಮರದ ಹಲಗೆ ಸೇರುತ್ತದೆ. ಅಮ್ಮನಿಗೆ ಶವರ್ ಒಗ್ಗುವುದಿಲ್ಲ. ಬಕೆಟ್ಟಿನಿಂದ ಚೊಂಬಲ್ಲಿ ಮೊಗೆದು ಹುಯ್ದುಕೊಂಡರೇ ಅವಳಿಗೆ ಸ್ನಾನ. ಪರದೆ ಮೈಗೆ ಅಂಟುತ್ತೆ ಅಂತ ಸರಿಸಿಬಿಡುತ್ತಿದ್ದಳು.

ಬಾತ್‌ರೂಮು ಒಡೆದು ಹೊಸದಾಗಿ ಮಾಡಿಸೋಣ ಎಂದಾಗ ಇವರಿಗೆ ಮನಸ್ಸಿದ್ದದ್ದು ಬಿಡಿಯಾಗಿ ನಿಲ್ಲುವ ಟಬ್ಬಿನ ಮೇಲೆ. ದೊಡ್ಡ ಬಿಳಿ ಮೊಟ್ಟೆಯ ಹಾಗಿರುತ್ತದಲ್ಲ, ಅದು. ಚೆನ್ನಾಗೇನೋ ಕಾಣುತ್ತಿತ್ತು. ನಾನು ಮಾತ್ರ ಅಂಗಡಿಗೆ ಹೋಗುವಾಗ ಅಮ್ಮನ ಬಕೆಟ್ಟು, ಕೂರುವ ಪ್ಲಾಸ್ಟಿಕ್ ಮಣೆ ಎರಡನ್ನೂ ಕಾರಲ್ಲಿ ಹಾಕಿಕೊಂಡೆ.

ಅಂಗಡಿಯವರನ್ನು ಕೇಳಿ ಬಕೆಟ್ಟನ್ನು ಟಬ್ಬಿನೊಳಗೆ ಇಟ್ಟೆ. ವಾಲಿತು. ಆ ಟಬ್ಬಿನ ಎರಡೂ ತುದಿ ಮಲಗಲು ಅನುಕೂಲವಾಗುವಂತೆ ಇಳಿಜಾರು. ಒಳಗೆ ಚಪ್ಪಟೆ ಜಾಗ ಸ್ವಲ್ಪವೇ. ಬಕೆಟ್ ಇಟ್ಟರೆ ಮಣೆಗೆ ಜಾಗವಿಲ್ಲ. ಅಂಚಿನ ಎತ್ತರ ಅಳೆದರೆ 23 ಇಂಚು. ಮಂಡಿ ನೋವಿನ ಅಮ್ಮ ಅದನ್ನು ದಾಟುವುದು ಹೇಗೆ? ಅದೂ ಅಲ್ಲದೆ ಸುತ್ತ ನಾಲ್ಕೂ ಕಡೆ ತೆರೆದಿರುತ್ತದೆ. ಚೊಂಬಿನ ನೀರೆಲ್ಲ ನೆಲಕ್ಕೇ.

ಬಾಗಿಲಿರುವ ಟಬ್ಬನ್ನೂ ತೋರಿಸಿದರು. ಒಳಗೆ ಹೋಗಿ ಬಾಗಿಲು ಹಾಕಿಕೊಂಡು ನೀರು ತುಂಬುವವರೆಗೆ ಕಾಯಬೇಕು. ಸ್ನಾನ ಆದಮೇಲೆ ನೀರೆಲ್ಲ ಇಳಿಯುವವರೆಗೆ ಒದ್ದೆ ಮೈಯಲ್ಲಿ ಕೂರಬೇಕು. ಜನವರಿ ಚಳಿಯಲ್ಲಿ ಅದು ಬೇಡವೇ ಬೇಡ ಅನಿಸಿತು.

ಕೊನೆಗೆ ಮೂರು ಗೋಡೆಗಳ ನಡುವೆ ಕೂರುವ ಮಾಮೂಲಿ ಟಬ್ಬಿನ ಹತ್ತಿರ ನಿಂತೆವು. 60 ಇಂಚು ಉದ್ದ, 30 ಇಂಚು ಅಗಲ, ಎತ್ತರ 15 ಇಂಚು. ತಳ ಚಪ್ಪಟೆ. ಬಕೆಟ್ಟು, ಮಣೆ ಅಕ್ಕಪಕ್ಕ ಕೂತವು. ಗೋಡೆ ಕಡೆಯ ಅಂಚು ಸಣ್ಣಗೆ ಮೇಲೆದ್ದಿರುತ್ತದೆ, ಟೈಲ್ಸ್ ಅದರ ಮೇಲೆ ಬಂದು ಕೂರುತ್ತದೆ. ಹಾಗಾಗಿ ನೀರು ಗೋಡೆ ಹಿಂದಕ್ಕೆ ನುಗ್ಗುವುದಿಲ್ಲ. ಇವರು ಒಂದು ನಿಮಿಷ ಆ ಮಣೆಯನ್ನೇ ನೋಡುತ್ತಾ ನಿಂತರು. ಆಮೇಲೆ "ಇದೇ ಇರಲಿ" ಅಂದರು.

ಎರಕದ ಕಬ್ಬಿಣದ ಟಬ್ಬು ಬಿಸಿಯನ್ನು ಜಾಸ್ತಿ ಹೊತ್ತು ಹಿಡಿಯುತ್ತದೆ. ಆದರೆ 130 ಕಿಲೋಗೂ ಮೇಲೆ ತೂಗುತ್ತದೆ, ಮಹಡಿ ಹತ್ತಿಸುವುದೇ ಕಷ್ಟ. ಅಕ್ರಿಲಿಕ್ ತಗೊಂಡೆವು. ಆರ್ಡರ್ ಕೊಡುವಾಗ ನೀರು ಹೋಗುವ ತೂತು ಎಡಕ್ಕೋ ಬಲಕ್ಕೋ ಅಂತ ಎರಡು ಸಲ ನೋಡಿಕೊಂಡೆ. ನಮ್ಮ ಪೈಪು ಎಡಕ್ಕಿತ್ತು. ಎಣ್ಣೆ ಸ್ನಾನ ನೆನೆದು ತಳ ತರಿತರಿ ಇರುವುದನ್ನೇ ಆರಿಸಿದೆ. ಟೈಲ್ಸ್ ಹಾಕುವ ಮೊದಲೇ ಗೋಡೆಯೊಳಗೆ ಮರದ ಅಡ್ಡಪಟ್ಟಿ ಕೊಡಿಸಿದ್ದರಿಂದ ಅಮ್ಮ ಹಿಡಿದುಕೊಳ್ಳಲು ಹಾಕಿಸಿದ ಹಿಡಿಕೆ ಗಟ್ಟಿಯಾಗಿ ಕೂತಿತು. ಪರದೆಗೆ ಹೊರಕ್ಕೆ ಬಾಗಿದ ಕಂಬಿ ಹಾಕಿಸಿದೆ, ಈಗ ಮೈಗೆ ತಾಕುವುದಿಲ್ಲ.

ಈ ಸಲ ಅಮ್ಮ ದೀಪಾವಳಿಗೆ ಮುಂಚೆಯೇ ಬಂದಳು. ನೀರು ತುಂಬುವ ಹಬ್ಬದ ಸಂಜೆ ಆ ಬಕೆಟ್ಟನ್ನೇ ಉಜ್ಜಿ ತೊಳೆದು, ಅರಿಶಿನ ಕುಂಕುಮ ಇಟ್ಟು, ಟಬ್ಬಿನೊಳಗೆ ನೀರು ತುಂಬಿಸಿಟ್ಟಳು. ಬೆಳಗಿನ ಜಾವ ನನ್ನ ನಾಲ್ಕು ವರ್ಷದ ಮಗಳ ತಲೆಗೆ ಹರಳೆಣ್ಣೆ ತಟ್ಟಿ, ಮಣೆ ಮೇಲೆ ಕೂರಿಸಿ ನೀರು ಹುಯ್ದಳು. ಆಮೇಲೆ ತಾನೂ ಮುಗಿಸಿಕೊಂಡು, ಹಿಡಿಕೆ ಹಿಡಿದು ನಿಧಾನಕ್ಕೆ ಹೊರಗೆ ಕಾಲಿಟ್ಟಳು.

"ನೆಲ ಒದ್ದೇನೇ ಆಗಿಲ್ಲ ಕಣೇ" ಅಂದಳು. ಆದರೂ ಸೀರೆ ತುಂಡು ತಗೊಂಡು ಒಂದು ಸಲ ಒರೆಸಿದಳು.